ಅಯಾನುರಹಿತ ಜಲಕ್ಕೆ ತಕ್ಕ ಕೊಳವೆ: ಒಂದು ಸಮೀಕ್ಷೆ

ನೀರನ್ನು ಬಹುಕಾಲ ಕಾಯಿಸಿದರೆ ಅದು ಮಣ್ಣಾಗಿ ಮಾರ್ಪಡುವುದೆಂಬ ಪುರಾತನ ನಂಬಿಕೆಯನ್ನು ಒರೆಗೆ ಹಚ್ಚಲೆಂದು, ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 1768ರಲ್ಲಿ ಬಟ್ಟಿಯಿಳಿಸಿದ ನೀರನ್ನು ಗಾಜಿನ ಪಾತ್ರೆಯೊಂದರಲ್ಲಿಟ್ಟು, ಬಾಯಿಮುಚ್ಚಿ, 101 ದಿನಗಳ ಕಾಲ ಎಡೆಬಿಡದೆ ಕಾಯಿಸಿದನು. ಕೊನೆಗೆ ನೀರಿನಲ್ಲಿ ಮಣ್ಣಿನಂತಹ ಪದಾರ್ಥ ಕಾಣಿಸಿಕೊಂಡುದು ನಿಜ. ಆದರೆ ಪಾತ್ರೆಯನ್ನು ತೂಗಿ ನೋಡಿದಾಗ ಅದರ ತೂಕ ಹೆಚ್ಚುಕಡಮೆ ಅಷ್ಟೇ ಪ್ರಮಾಣದಲ್ಲಿ ಇಳಿದಿದ್ದಿತು. ನೀರು ಮಣ್ಣಾಗಿರಲಿಲ್ಲ, ಗಾಜು ನೀರಿನಲ್ಲಿ ಕರಗಿದ್ದಿತು. ಶುದ್ಧ ಜಲವು ತನ್ನನ್ನು ಹಿಡಿದಿರುವ ಪಾತ್ರೆಯಿಂದಲೇ ಕಲ್ಮಷವನ್ನು ಪಡೆಯುವುದೆಂಬ ಈ ತಥ್ಯವು, ಅಲ್ಲಿಂದೀಚೆಗೆ ಕೊಳವೆ ಮತ್ತು ಸಲಕರಣೆಗಳ ಆಯ್ಕೆಯ ಇತಿಹಾಸವನ್ನೆಲ್ಲ ಆಳಿಕೊಂಡು ಬಂದಿದೆ.

ಕರಗಿದ ಲವಣಗಳ ಅಯಾನುಗಳನ್ನು ಕಳೆದ ನೀರು, ಎಂದರೆ ಅಯಾನುರಹಿತ ಜಲವು, ಆಮ್ಲದಂತೆ ಲೋಹವನ್ನು ತಿನ್ನುವ ದ್ರವವೆಂಬ ಭಾವನೆ ಬಳಕೆಯಲ್ಲಿದ್ದರೂ ಸಂಗತಿಯು ಅಷ್ಟು ಸರಳವಲ್ಲ. ಬಾವಿಯ ನೀರಿನಲ್ಲಿರುವ ಸುಣ್ಣದ ಲವಣಗಳು ಕೊಳವೆಯ ಒಳಮೈಗೆ ತೆಳುವಾದ ಹೊದಿಕೆಯನ್ನು ಹಾಸಿ ಅನೇಕವೇಳೆ ಲೋಹವನ್ನು ಕಾಪಾಡುವುವು; ಅವನ್ನು ಕಳೆದುಕೊಂಡ ನೀರಿಗೆ ಹೊದಿಕೆ ಹಾಸುವ ಶಕ್ತಿಯೂ ಇಲ್ಲ, ಗಾಳಿಯಿಂದ ಬಂದು ಸೇರುವ ಇಂಗಾಲಾಮ್ಲವನ್ನು ಶಮನಗೊಳಿಸುವ ಕ್ಷಾರವೂ ಇಲ್ಲ. ಆದುದರಿಂದ ತೆರೆದಿಟ್ಟ ಶುದ್ಧ ಜಲದ ಪಿಎಚ್ ಬೇಗನೆ 5.6ರ ಸುಮಾರಿಗೆ ಇಳಿದು, ತಾಮ್ರ, ಹಿತ್ತಾಳೆ, ಸತುವು ಲೇಪಿಸಿದ ಕಬ್ಬಿಣ ಇವು ಮೆಲ್ಲಮೆಲ್ಲನೆ ಸವೆಯತೊಡಗುತ್ತವೆ. ಕೊಳವೆ ತೂತಾಗಲು ವರ್ಷಗಳೇ ಹಿಡಿಯಬಹುದು. ನೀರು ಕೆಡಲು ಅಷ್ಟು ಕಾಲ ಬೇಡ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪರಮಶುದ್ಧ ಜಲದ ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್, ಗಾಳಿ ಸೋಕಿದ ಮಾತ್ರಕ್ಕೆ ಅದು ಒಂದರ ಸಮೀಪಕ್ಕೆ ಏರಿಬಿಡುತ್ತದೆ.

ಅಯಾನು ವಿನಿಮಯದ ವಿದ್ಯೆ ರೂಢಿಗೆ ಬರುವ ಮುನ್ನ ಬಟ್ಟಿಯಿಳಿಸುವುದೊಂದೇ ಶುದ್ಧಿಯ ಮುಖ್ಯಮಾರ್ಗವಾಗಿದ್ದಿತು. ಹುಳಿ ತಾಗಿ ಕಿಲುಬೇಳದಿರಲೆಂದು ನಮ್ಮ ಅಡುಗೆಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದಂತೆಯೇ, ಅಂದಿನ ಔಷಧಾಲಯಗಳೂ ಪ್ರಯೋಗಶಾಲೆಗಳೂ ಬಟ್ಟಿಯ ಯಂತ್ರದ ತಾಮ್ರಕ್ಕೆ ತವರದ ಲೇಪವನ್ನು ಕೊಡುತ್ತಿದ್ದುವು. ಅನುಕೂಲವಿದ್ದವರು ಶುದ್ಧ ತವರದ ಕೊಳವೆಗಳನ್ನೇ ಎಳೆಸುತ್ತಿದ್ದರು. ಜರ್ಮನಿಯ ಕೋಲ್‌ರಾಷ್ ಮತ್ತು ಹೈಡ್‌ವೈಲರ್ ಇವರು 1894ರಲ್ಲಿ ನಿರ್ವಾತದಲ್ಲಿ ಬಟ್ಟಿಯಿಳಿಸಿ 18 ಡಿಗ್ರಿಯಲ್ಲಿ 0.043 ಮೈಕ್ರೋಸೀಮೆನ್ಸಿನಷ್ಟು ಕಡಮೆ ವಾಹಕತೆಯ ನೀರನ್ನು ಅಳೆದುದು, ನೀರು ತನ್ನ ಸಹಜಸ್ಥಿತಿಯಲ್ಲಿ ಎಷ್ಟು ಶುದ್ಧವಾಗಿರಬಲ್ಲುದೆಂಬುದಕ್ಕೆ ಮೊದಲ ಭದ್ರವಾದ ಅಳತೆಗೋಲಾಯಿತು. ಯೇನಾ ನಗರದಲ್ಲಿ ಶಾಟ್ ರೂಪಿಸಿದ ಬೋರೋಸಿಲಿಕೇಟ್ ಗಾಜು, 1915ರಲ್ಲಿ ಅಮೆರಿಕದಲ್ಲಿ ಬಂದ ಪೈರೆಕ್ಸ್ ಗಾಜು ಇವು ಹಳೆಯ ಗಾಜಿಗಿಂತ ಬಹಳ ಕಡಮೆ ಕರಗಿದರೂ, ಸಿಲಿಕ, ಬೋರಾನ್, ಸೋಡಿಯಂಗಳ ಅಲ್ಪಾಂಶವನ್ನು ನೀರಿಗೆ ಬಿಟ್ಟುಕೊಡುವುದು ತಪ್ಪಲಿಲ್ಲ.

1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಕೃತಕ ರಾಳಗಳಿಂದ ಅಯಾನುಗಳನ್ನು ಸೆಳೆಯಬಹುದೆಂದು ತೋರಿಸಿದರು. ಮರುದಶಕದಲ್ಲಿ ಪಾಲಿಸ್ಟೈರೀನ್ ರಾಳಗಳು ಹೊರಬಂದುವು. ಬಟ್ಟಲಿನಲ್ಲಿ ದೊರೆಯುತ್ತಿದ್ದ ಶುದ್ಧ ಜಲವು ಕಾರ್ಖಾನೆಗಳಲ್ಲಿ ಹೊಳೆಯಾಗಿ ಹರಿಯತೊಡಗಿತು. ಅಧಿಕ ಒತ್ತಡದ ಬಾಯ್ಲರುಗಳಿಗೆ ಇಂತಹ ನೀರು ಅನಿವಾರ್ಯವಾದುದರಿಂದ, ನಮ್ಮ ರಾಯಚೂರಿನದೂ ಸೇರಿದಂತೆ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗೆಲ್ಲ ನೀರಿನ ಲವಣಗಳನ್ನು ಕಳೆಯುವ ಡಿಎಂ ಪ್ಲಾಂಟ್ ಒಂದು ಅವಿಭಾಜ್ಯ ಅಂಗವಾಗಿದೆ. ರಾಳವನ್ನು ಪುನಶ್ಚೇತನಗೊಳಿಸಲು ಆಮ್ಲಕ್ಷಾರಗಳನ್ನು ಹಾಯಿಸಬೇಕಾಗುವ ಇಲ್ಲಿ ಒಳಗೆ ರಬ್ಬರು ಹೊದಿಸಿದ ಉಕ್ಕಿನ ತೊಟ್ಟಿಗಳೂ ಕೊಳವೆಗಳೂ ನೆಲೆಯೂರಿದುವು. ವಿಚಿತ್ರವೆಂದರೆ, ದೊಡ್ಡ ಜನರೇಟರುಗಳನ್ನು ತಂಪಾಗಿಸಲು ಇದೇ ನೀರನ್ನು ಟೊಳ್ಳಾದ ತಾಮ್ರದ ವಾಹಕಗಳ ಒಳಗೇ ಹರಿಸುತ್ತಾರೆ. ನೀರಿನಲ್ಲಿ ಕರಗಿದ ಆಮ್ಲಜನಕವು ಅತ್ಯಲ್ಪವಾಗಿದ್ದರೆ ಅಥವಾ ಹೇರಳವಾಗಿದ್ದರೆ ತಾಮ್ರ ತಾಳಿಕೊಳ್ಳುವುದು. ನಡುವಣ ಪ್ರಮಾಣದಲ್ಲಿಯೇ ಅದು ಅತ್ಯಧಿಕವಾಗಿ ಸವೆಯುವುದು. ಒಂದು ಲೋಹವು ಶುದ್ಧ ಜಲಕ್ಕೆ ಸಲ್ಲುವುದೋ ಸಲ್ಲದೋ ಎಂಬುದು ಲೋಹದ ಗುಣವೊಂದರಿಂದಲೇ ತೀರ್ಮಾನವಾಗತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಔಷಧೋದ್ಯಮವು ಬೇರೊಂದು ದಾರಿ ಹಿಡಿಯಿತು. ಚುಚ್ಚುಮದ್ದಿನ ನೀರಿಗೆ ಅಯಾನುಗಳಿಗಿಂತ ಭಯಂಕರ ಶತ್ರು ಸೂಕ್ಷ್ಮಜೀವಿಗಳಾದುದರಿಂದ, ನೀರನ್ನು 80 ಡಿಗ್ರಿಯ ಆಸುಪಾಸಿನಲ್ಲಿಟ್ಟು ಸದಾ ಸುತ್ತಿಸುವ ಪದ್ಧತಿ ಬೆಳೆಯಿತು. ಆ ಶಾಖವನ್ನೂ ಹಬೆಯನ್ನೂ ಸಹಿಸಲು 316ಎಲ್ ಎಂಬ ಸ್ಟೇನ್‌ಲೆಸ್ ಉಕ್ಕು ಯೋಗ್ಯವೆನಿಸಿತು. ಇಂಗಾಲವನ್ನು ಶೇಕಡಾ 0.03ಕ್ಕೆ ಮಿತಗೊಳಿಸಿರುವುದರಿಂದ ಬೆಸುಗೆಯ ಎಡೆಯಲ್ಲಿ ಇದು ದುರ್ಬಲವಾಗದು. ಶೇಕಡಾ ಎರಡು ಮೂರರಷ್ಟು ಮಾಲಿಬ್ಡಿನಂ ಇದರ ರಕ್ಷಾಕವಚವನ್ನು ಬಲಪಡಿಸುವುದು. ಆದರೂ ಬೆಸುಗೆಯ ಬಳಿಕ ನೈಟ್ರಿಕ್ ಅಥವಾ ಸಿಟ್ರಿಕ್ ಆಮ್ಲದಿಂದ ತೊಳೆದು ಆ ಕವಚವನ್ನು ಪುನಃ ಕಟ್ಟಿಸಬೇಕು. ಅಷ್ಟರ ಮೇಲೂ ಬಿಸಿನೀರಿನ ಕೊಳವೆಗಳ ಒಳಮೈಗೆ ಕಬ್ಬಿಣದ ಆಕ್ಸೈಡಿನ ಕೆಂಪು ಕಟ್ಟುವುದುಂಟು.

ವಿದ್ಯುನ್ಮಾನ ಚಿಪ್‌ಗಳನ್ನು ತೊಳೆಯುವ ಉದ್ಯಮಕ್ಕೆ ಲೋಹದ ಅಯಾನುಗಳ ಲೇಶವೂ ಸಹ್ಯವಲ್ಲ. ಆದುದರಿಂದ ಅದು ಪ್ಲಾಸ್ಟಿಕ್ಕುಗಳ ಕಡೆಗೆ ತಿರುಗಿತು. ಅಗ್ಗವಾದ ಪಿವಿಸಿ ಸಾಮಾನ್ಯ ಪ್ರಯೋಗಶಾಲೆಗೆ ಸಾಲುವುದಾದರೂ, ಅದರೊಳಗಿನ ಸ್ಥಿರೀಕಾರಕಗಳೂ ಕೀಲುಗಳಿಗೆ ಹಚ್ಚುವ ಅಂಟೂ ನೀರಿಗೆ ಸಾವಯವ ಕಲ್ಮಷವನ್ನು ಸೇರಿಸುವುವು. ಕಾಯಿಸಿ ಬೆಸೆಯಬಹುದಾದ ಪಾಲಿಪ್ರೊಪಿಲೀನಿಗೆ ಅಂಟು ಬೇಡ. ಆದರೆ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ಓಜೋನಿಗೆ ಅದು ಮಣಿಯುವುದು. 1938ರಲ್ಲಿ ಪ್ಲಂಕೆಟ್ ಆಕಸ್ಮಿಕವಾಗಿ ಕಂಡ ಟೆಫ್ಲಾನಿನ ಬಂಧುಗಳಾದ ಪಿವಿಡಿಎಫ್ ಮತ್ತು ಪಿಎಫ್‌ಎ ಎಂಬ ಫ್ಲೋರಿನ್‌ಯುಕ್ತ ವಸ್ತುಗಳು ಓಜೋನನ್ನೂ ಶಾಖವನ್ನೂ ತಾಳುವುದರಿಂದ, ಬೆಲೆ ಎಷ್ಟೇ ಇದ್ದರೂ ಅತಿಶುದ್ಧ ಜಲದ ಮುಖ್ಯಮಾರ್ಗಗಳಲ್ಲಿ ಸ್ಥಾನ ಪಡೆದಿವೆ.

ಈ ಪರಂಪರೆಯನ್ನೆಲ್ಲ ಒಟ್ಟಾಗಿ ನೋಡಿದಾಗ, ಸರ್ವೋತ್ತಮ ಕೊಳವೆಯೆಂಬುದು ಯಾವ ಕಾಲದಲ್ಲಿಯೂ ಇರಲಿಲ್ಲವೆಂಬುದು ಮನದಟ್ಟಾಗುವುದು. ಬ್ಯಾಟರಿಗೆ ಹಾಕುವ ನೀರಿಗೆ ಪಾಲಿಥೀನಿನ ಡಬ್ಬಿ ಸಾಕು. ಅದಕ್ಕೆ ಪಿವಿಡಿಎಫ್ ಬಯಸುವುದು ದುಂದುಗಾರಿಕೆ. ಬಳಸುವವನಿಗೆ ಯಾವ ಕಲ್ಮಷ ಅಸಹ್ಯವೆಂಬುದನ್ನು ಮೊದಲು ನಿರ್ಣಯಿಸಿ, ನೀರಿನ ಶಾಖ, ಶುಚಿಗೊಳಿಸುವ ವಿಧಾನ, ನೀರು ನಿಂತು ಹಳಸಬಹುದಾದ ಕವಲುಗಳು ಇವನ್ನು ಲೆಕ್ಕಕ್ಕೆ ತಂದುಕೊಂಡ ಮೇಲೆಯೇ ಪದಾರ್ಥದ ಹೆಸರನ್ನು ಎತ್ತಬೇಕು. ಪಂಪು, ಕವಾಟ, ವಾಷರುಗಳಿಗೂ ಅದೇ ಪರೀಕ್ಷೆ ಅನ್ವಯಿಸಬೇಕು. ದುಬಾರಿ ಕೊಳವೆಯನ್ನು ಎಳೆಸಿ ಕೊನೆಯಲ್ಲೊಂದು ಹಿತ್ತಾಳೆಯ ನಲ್ಲಿಯನ್ನು ಕೂರಿಸಿದರೆ, ಪಾತ್ರೆಗೆ ಬೀಳುವುದು ಆ ಹಿತ್ತಾಳೆಯನ್ನು ತೊಳೆದ ನೀರೇ.