ಹಿಕಿಯ ಪತ್ರಿಕೆ ಮತ್ತು ಕಂಪನಿ ಸರ್ಕಾರ

ಭಾರತೀಯ ಪತ್ರಿಕೋದ್ಯಮದ ಇತಿಹಾಸಕಾರರು ಸಾಮಾನ್ಯವಾಗಿ ಜೇಮ್ಸ್ ಅಗಸ್ಟಸ್ ಹಿಕಿಯ ಹೆಸರಿನಿಂದಲೇ ಆರಂಭಿಸುತ್ತಾರೆ. ಆದರೆ ಹೆಚ್ಚಿನವರು ಆತನ 'ಬೆಂಗಾಲ್ ಗೆಜೆಟ್' ಚಾಡಿಮಾತುಗಳ ಪತ್ರಿಕೆಯಾಗಿತ್ತೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಈ ತೀರ್ಮಾನವು ಮೂಲತಃ ಆತನ ಎದುರಾಳಿಗಳದ್ದೆಂಬುದನ್ನು ನಾವು ಮರೆಯಲಾಗದು.

ಐರ್ಲೆಂಡ್ ಮೂಲದ ಹಿಕಿ 1772ರಲ್ಲಿ ಹಡಗಿನ ವೈದ್ಯನ ಸಹಾಯಕನಾಗಿ ಕಲ್ಕತ್ತೆಗೆ ಬಂದವನು. ವ್ಯಾಪಾರದಲ್ಲಿ ನಷ್ಟ ಹೊಂದಿ ಸಾಲಗಾರರ ಸೆರೆಮನೆ ಸೇರಿ, ಅಲ್ಲಿಯೇ ಮುದ್ರಣದ ಕೆಲಸ ಹಿಡಿದನು. ಕಂಪನಿ ಸೈನ್ಯದ ನಿಯಮಾವಳಿಯನ್ನು ಮುದ್ರಿಸುವ ಕೆಲಸ ದೊರೆತರೂ ಹಣ ಕೈಸೇರಲಿಲ್ಲವೆಂಬ ಕಹಿ ಆತನಲ್ಲಿ ಉಳಿಯಿತು. ಆತನ ಬರವಣಿಗೆಯಲ್ಲಿ ಸ್ವಂತ ದ್ವೇಷವೂ ಬೆರೆತಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. 1780ರ ಜನವರಿ 29ರಂದು ವಾರಪತ್ರಿಕೆ ಹೊರಬಂದಿತು. ಇದಕ್ಕೆ ಹನ್ನೆರಡು ವರ್ಷ ಮೊದಲು, 1768ರಲ್ಲಿ, ಮುದ್ರಣಾಲಯದ ಅಭಾವವನ್ನು ಪ್ರಸ್ತಾಪಿಸಿ ಪ್ರಕಟಣೆ ಅಂಟಿಸಿದ ವಿಲಿಯಂ ಬೋಲ್ಟ್ಸನನ್ನು ಕಂಪನಿ ಗಡೀಪಾರು ಮಾಡಿತ್ತು. ಹಿಕಿ ಕಾಲಿಟ್ಟ ನೆಲ ಎಂಥದೆಂಬುದಕ್ಕೆ ಇಷ್ಟು ಸಾಕು.

ಮೊದಲ ತಿಂಗಳುಗಳ ಸಂಚಿಕೆಗಳು ಜಾಹೀರಾತು, ಹಡಗುಗಳ ಸುದ್ದಿ, ವಾಚಕರ ಪತ್ರಗಳಿಂದ ತುಂಬಿದ್ದವು. 1780ರ ಕೊನೆಯ ಭಾಗದಲ್ಲಿ ಸ್ವರ ಬದಲಾಯಿತು. ಕಂಪನಿಯ ಅಧಿಕಾರಿ ಸಿಮಿಯನ್ ಡ್ರೋಜ್ ತನ್ನಿಂದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಪತ್ನಿಗಾಗಿ ಲಂಚ ನಿರೀಕ್ಷಿಸಿದನೆಂದು ಹಿಕಿ ಬಹಿರಂಗವಾಗಿ ಆರೋಪಿಸಿದನು. ನವೆಂಬರ್ 14ರಂದು ಸರ್ಕಾರವು ಆತನ ಪತ್ರಿಕೆಗೆ ಅಂಚೆಯ ಮಾರ್ಗವನ್ನು ಮುಚ್ಚಿತು. ಅದೇ ತಿಂಗಳು ಸರ್ಕಾರದ ಕೃಪೆಗೆ ಪಾತ್ರವಾದ 'ಇಂಡಿಯಾ ಗೆಜೆಟ್' ಆರಂಭವಾಯಿತು. ಹಿಕಿ ಹರಿಕಾರರನ್ನು ನೇಮಿಸಿ ತನ್ನ ಪತ್ರಿಕೆಯನ್ನು ಹಂಚಿಸಿದನು.

ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಪ್ರಕರಣ ಇಲ್ಲಿ ವಿಶೇಷ ಗಮನಾರ್ಹ. ಸಂಬಂಧಿಯೊಬ್ಬನಿಗೆ ಪುಲ್‌ಬಂದಿಯ ಗುತ್ತಿಗೆ, ಅಂದರೆ ಒಡ್ಡುಗಳ ದುರಸ್ತಿಯ ಗುತ್ತಿಗೆ, ದೊರೆತುದನ್ನು ಹಿಡಿದು ಹಿಕಿ ಆತನನ್ನು 'ಪುಲ್‌ಬಂದಿ' ಎಂದೇ ಅಣಕಿಸಿದನು. ಹೇಸ್ಟಿಂಗ್ಸ್ ಮತ್ತು ಇಂಪೆ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಸಹಪಾಠಿಗಳು. 1780ರಲ್ಲಿಯೇ ಹೇಸ್ಟಿಂಗ್ಸನು ಇಂಪೆಗೆ ಸದರ್ ದಿವಾನಿ ಅದಾಲತ್ತಿನ ಅಧ್ಯಕ್ಷತೆಯನ್ನೂ ಹೆಚ್ಚಿನ ವೇತನವನ್ನೂ ಕೊಟ್ಟಿದ್ದನು. 1781ರ ಜೂನ್‌ನಲ್ಲಿ ಹೇಸ್ಟಿಂಗ್ಸ್ ಹಾಗೂ ಮಿಷನರಿ ಕೀರ್ನಾಂಡರ್ ಹೂಡಿದ ಮಾನಹಾನಿ ಮೊಕದ್ದಮೆಗಳು ವಿಚಾರಣೆಗೆ ಬಂದದ್ದು ಇದೇ ಇಂಪೆಯ ಪೀಠದ ಮುಂದೆ! ಅನಾಥರ ನಿಧಿಯನ್ನು ದುರುಪಯೋಗಪಡಿಸಿದನೆಂಬುದು ಕೀರ್ನಾಂಡರ್ ಮೇಲಿದ್ದ ಆರೋಪ. ಹಿಕಿಗೆ ಸೆರೆಯೂ ದಂಡವೂ ವಿಧಿಸಲ್ಪಟ್ಟವು. ಆದರೂ ತಿಂಗಳುಗಟ್ಟಲೆ ಆತನು ಸೆರೆಮನೆಯಿಂದಲೇ ಪತ್ರಿಕೆ ನಡೆಸಿದನು. 1782ರ ಮಾರ್ಚ್‌ನಲ್ಲಿ ಅಚ್ಚುಮೊಳೆಗಳನ್ನು ಮುಟ್ಟುಗೋಲು ಹಾಕಿದ ನಂತರವೇ ಅದು ನಿಂತದ್ದು.

ಚಾಡಿಯೆಂದು ತಳ್ಳಿಹಾಕಲ್ಪಟ್ಟ ಮಾತು ಅದೇ ವರ್ಷ ಲಂಡನ್ನಿನಲ್ಲಿ ಬೇರೆ ರೂಪ ತಾಳಿತು. ಅದಾಲತ್ತಿನ ಹುದ್ದೆಯನ್ನು ಒಪ್ಪಿಕೊಂಡ ಕಾರಣಕ್ಕಾಗಿ ಇಂಪೆಯನ್ನು ಹಿಂದಕ್ಕೆ ಕರೆಸಬೇಕೆಂದು ಕಾಮನ್ಸ್ ಸಭೆ ನಿರ್ಣಯಿಸಿತು. ಹೇಸ್ಟಿಂಗ್ಸನ ಮೇಲಿನ ಮಹಾಭಿಯೋಗದ ವಿಚಾರಣೆ 1788ರಿಂದ 1795ರವರೆಗೆ ನಡೆದು ಬಿಡುಗಡೆಯಲ್ಲಿ ಮುಗಿಯಿತು. ಹಿಕಿಯ ಆರೋಪಗಳೆಲ್ಲ ಸತ್ಯವೆಂದು ಇದರಿಂದ ಸಿದ್ಧವಾಗದು. ಆದರೆ ಆತನು ಎತ್ತಿದ ಪ್ರಶ್ನೆಗಳು ಕೇವಲ ಬೀದಿಮಾತುಗಳಾಗಿರಲಿಲ್ಲವೆಂಬುದು ಸ್ಪಷ್ಟ.

ಕನ್ನಡ ಸಂಶೋಧಕರಿಗೆ ಈ ಪುಟಗಳಲ್ಲಿ ಇನ್ನೊಂದು ಆಸಕ್ತಿಯಿದೆ. ಪತ್ರಿಕೆಯ ಮೊದಲ ವರ್ಷವೇ ಎರಡನೆಯ ಮೈಸೂರು ಯುದ್ಧದ ವರ್ಷ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನಾಶಮಾಡಿದರು. ಬೇಲಿ ಶ್ರೀರಂಗಪಟ್ಟಣದ ಸೆರೆಯಲ್ಲಿ 1782ರಲ್ಲಿ ಮಡಿದನು. ಈ ಯುದ್ಧದ ಸುದ್ದಿಯನ್ನೂ ಯುದ್ಧನೀತಿಯ ಟೀಕೆಯನ್ನೂ ಹಿಕಿ ಪ್ರಕಟಿಸಿದನು. ಆಂಡ್ರ್ಯೂ ಓಟಿಸ್ ಅವರ 2018ರ ಗ್ರಂಥವು ಹಿಕಿಯ ಕಥೆಯನ್ನು ಮೂಲ ದಾಖಲೆಗಳಿಂದ ಮರುಕಟ್ಟಿದೆ. ಮೈಸೂರಿನ ಭಾಗವನ್ನು ಹೈದರನ ಕಾಲದ ಇತರ ಆಕರಗಳೊಡನೆ ಹೋಲಿಸಿ ಓದುವ ಕೆಲಸ ಕನ್ನಡದಲ್ಲಿ ಆಗಬೇಕು.

ಸೆರೆಯಿಂದ ಹೊರಬಂದ ಹಿಕಿ ಬಡತನದಲ್ಲಿಯೇ ಬದುಕಿ, 1802ರಲ್ಲಿ ಚೀನಾಕ್ಕೆ ಹೊರಟ ಹಡಗಿನಲ್ಲಿ ತೀರಿಕೊಂಡನು.