ಬಾಯಿ ಒಣಗಿದಾಗ ಕರೆಂಟ್ ಏನು ಮಾಡುತ್ತೆ?

ಇವತ್ತಿನ ಕಥೆ ಡಂಬಳದಿಂದ ಶುರು. ದೊಡ್ಡಬಸಪ್ಪನ ಗುಡಿ, ಜಪದ ಬಾವಿ ನೋಡಿದವರಿಗೆ ಊರು ಗೊತ್ತಿರುತ್ತೆ. ನಮ್ಮ ದೊಡ್ಡಪ್ಪ ಅಲ್ಲೇ ಇರೋದು. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿ ಮೂರು ವರ್ಷ. ಕ್ಯಾನ್ಸರ್ ಹೋಯ್ತು, ಜೊತೆಗೆ ಜೊಲ್ಲೂ ಹೋಯ್ತು. ಕಟಕ್ ರೊಟ್ಟಿ ಬಿಟ್ಟೇಬಿಟ್ಟರು, ಬಿಸಿ ರೊಟ್ಟಿಯನ್ನೂ ಸಾರಲ್ಲಿ ನೆನೆಸಿ ತಿಂತಾರೆ. ರಾತ್ರಿ ನಾಲ್ಕು ಸಲ ಎದ್ದು ನೀರು ಕುಡೀಬೇಕು. ಮೊನ್ನೆ ಒಂದು ರೀಲ್ ಕಳಿಸಿದ್ರು: ಕೆನ್ನೆಗೆ ಎರಡು ಪ್ಯಾಡ್, ಸಣ್ಣ ಕರೆಂಟ್, ಬಾಯಿ ತುಂಬ ನೀರು. "ಇದು ಖರೇನ ಏನೋ ತಮ್ಮಾ?"

ನಾನು ಬಿ.ಕಾಂ. ನನ್ನ ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಆದರೂ ಹುಡುಕ್ತಾ ಹೋದೆ, 1851ಕ್ಕೆ ಹೋಗಿ ಮುಟ್ಟಿದೆ.

ಆಗ ಜ್ಯೂರಿಕ್‌ನಲ್ಲಿದ್ದ ಜರ್ಮನ್ ವಿಜ್ಞಾನಿ ಕಾರ್ಲ್ ಲುಡ್ವಿಗ್. ಜೊಲ್ಲು ಅಂದ್ರೆ ರಕ್ತದಿಂದ ಸೋಸಿ ಬರೋ ನೀರು ಅನ್ನೋ ಕಲ್ಪನೆ ಇದ್ದ ಕಾಲ ಅದು. ಲುಡ್ವಿಗ್ ನಾಯಿಯ ದವಡೆ ಕೆಳಗಿನ ಗ್ರಂಥಿಗೆ ಹೋಗುವ ನರಕ್ಕೆ ಕರೆಂಟ್ ಕೊಟ್ಟ. ಜೊಲ್ಲು ಹರಿಯಿತು. ನಾಳದಲ್ಲಿ ಅದರ ಒತ್ತಡ ಅಳೆದು ನೋಡಿದರೆ ರಕ್ತದ ಒತ್ತಡಕ್ಕಿಂತ ಜಾಸ್ತಿ! ಬರೀ ಸೋಸಿ ಬರೋ ನೀರಾದರೆ ಹೀಗಾಗೋದು ಸಾಧ್ಯವೇ ಇಲ್ಲ. ಅಂದ್ರೆ ಗ್ರಂಥಿಯ ಜೀವಕೋಶಗಳೇ ದುಡಿದು ಜೊಲ್ಲನ್ನ ತಳ್ಳುತ್ತವೆ. ನರ ಕೊಡೋದು ಆರ್ಡರ್ ಅಷ್ಟೇ. (ಪಾಪ ನಾಯಿಗಳು.)

ಇದು ಚಿಕಿತ್ಸೆ ಆಗೋಕೆ ನೂರು ವರ್ಷಕ್ಕೂ ಮೇಲೆ ಬೇಕಾಯ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ಸ್ಯಾಲಿಟ್ರಾನ್ ಅನ್ನೋ ಯಂತ್ರ ಬಂತು, ನಾಲಿಗೆ ಮತ್ತು ಅಂಗಳದ ನಡುವೆ ಇಟ್ಟುಕೊಳ್ಳೋದು. ಅದು ಹೆಚ್ಚು ಜನರಿಗೆ ತಲುಪಲಿಲ್ಲ. ಮುಂದೆ ಸಂಶೋಧಕರ ಕಣ್ಣು ಮೊಣಕಾಲು ನೋವಿಗೆ ಫಿಜಿಯೋಥೆರಪಿಯವರು ಹಚ್ಚೋ ಟೆನ್ಸ್ ಯಂತ್ರದ ಮೇಲೆ ಬಿತ್ತು. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಿವಿ ಮುಂದಿನ ಗ್ರಂಥಿ ಮೇಲೆ ಪ್ಯಾಡ್ ಇಟ್ಟಾಗ 22 ಆರೋಗ್ಯವಂತರಲ್ಲಿ 15 ಜನರಿಗೆ ಜೊಲ್ಲು ಹೆಚ್ಚಾಯ್ತು. ಐದು ಜನರಿಗೆ ಹೆಚ್ಚಲಿಲ್ಲ, ಇಬ್ಬರಿಗೆ ಕಮ್ಮಿಯಾಯ್ತು! ಆಮೇಲೆ ನಮ್ಮ ಮಂಗಳೂರು, ಬೆಂಗಳೂರಿನ ದಂತ ವೈದ್ಯರೂ ರೇಡಿಯೇಷನ್ ಆದವರ ಮೇಲೆ ಇದನ್ನ ಪರೀಕ್ಷಿಸಿದರು. ಆಕ್ಯುಪಂಕ್ಚರ್ ಬಿಂದುಗಳಿಗೆ ಕರೆಂಟ್ ಕೊಟ್ಟ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು: ಪೈಲೋಕಾರ್ಪಿನ್ ಮಾತ್ರೆಗಿಂತ ಮೇಲು ಅಂತ ಸಾಬೀತಾಗಲಿಲ್ಲ, ಆದರೆ ಅಡ್ಡಪರಿಣಾಮ ಕಮ್ಮಿ.

ರೀಲ್‌ನಲ್ಲಿ ಹೇಳದೇ ಇರೋದು ಇದು: ರೇಡಿಯೇಷನ್ ಹಾಳು ಮಾಡೋದು ಮುಖ್ಯವಾಗಿ ಗ್ರಂಥಿಯನ್ನ. ದುಡಿಯೋ ಜೀವಕೋಶಗಳೇ ಸತ್ತಿದ್ದರೆ ಆರ್ಡರ್ ತಗೊಳ್ಳೋರು ಯಾರು?

ದೊಡ್ಡಪ್ಪನಿಗೆ ಹೊಲದ ಭಾಷೆಯಲ್ಲಿ ಹೇಳಿದೆ. ಬೋರ್‌ನಲ್ಲಿ ನೀರಿದ್ದರೆ ಕರೆಂಟ್ ಬಂದಾಗ ಮೋಟಾರ್ ಎತ್ತುತ್ತೆ. ಬತ್ತಿದ್ದರೆ ತ್ರೀ ಫೇಸ್ ಕೊಟ್ಟರೂ ಬರಲ್ಲ. ಹಾಗಂತ ಆಸೆ ಬಿಡಬೇಕಿಲ್ಲ, ಎಷ್ಟೋ ಜನರಿಗೆ ಸ್ವಲ್ಪ ಗ್ರಂಥಿ ಉಳಿದಿರುತ್ತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ನನ್ನ ಬೋರಿನ್ಯಾಗ ನೀರು ಐತೋ ಇಲ್ಲೋ, ಹೆಂಗ ಗೊತ್ತಾಗೋದು?"

ಅದಕ್ಕೆ ಯಂತ್ರವೇ ಬೇಕಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಬಂದ ಜೊಲ್ಲನ್ನ ಕಪ್‌ಗೆ ಉಗಿಸಿ ಅಳೀತಾರೆ. ಅರ್ಧ ಎಂ.ಎಲ್.ಗಿಂತ ಕಮ್ಮಿ ಇದ್ದರೆ ತೀರಾ ಕಡಿಮೆ ಅಂತ ಲೆಕ್ಕ. ಆಮೇಲೆ ಏನಾದರೂ ಅಗಿಯೋಕೆ ಕೊಟ್ಟು ಮತ್ತೆ ಅಳೀತಾರೆ. ಆಗ ಏರಿದರೆ ಗ್ರಂಥಿಯಲ್ಲಿ ಇನ್ನೂ ಜೀವ ಇದೆ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಅವರ ಚೆಕಪ್ ಇದೆ. ಅಲ್ಲಿ ತನಕ ಆನ್‌ಲೈನ್‌ನಲ್ಲಿ ಮಷಿನ್ ಆರ್ಡರ್ ಮಾಡಬೇಡಿ ಅಂದಿದ್ದೀನಿ. ಪೇಸ್‌ಮೇಕರ್ ಇದ್ದವರಂತೂ ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು. ಕಪ್ ಎಷ್ಟು ತುಂಬಿತು ಅಂತ ದೊಡ್ಡಪ್ಪನೇ ಫೋನ್ ಮಾಡಿ ಹೇಳ್ತಾರಂತೆ.