ಇಲ್ಲದ ಊರಿನ ವ್ಯಾಕರಣ

ಹನ್ನೆರಡನೇ ಶತಮಾನದ ಜರ್ಮನಿಯಲ್ಲಿ, ರೈನ್ ನದಿಯ ದಂಡೆಯ ಮಠದಲ್ಲಿದ್ದ ಸನ್ಯಾಸಿನಿ ಹಿಲ್ಡೆಗಾರ್ಡ್ ಸುಮಾರು ಸಾವಿರ ಹೊಸ ಪದಗಳ ಪಟ್ಟಿಯೊಂದನ್ನು ಬರೆದಿಟ್ಟರು. 'ಲಿಂಗ್ವಾ ಇಗ್ನೋಟಾ', ಎಂದರೆ ಯಾರೂ ಅರಿಯದ ನುಡಿ, ಎಂಬುದು ಅದರ ಹೆಸರು. ಪಟ್ಟಿ ದೇವರಿಂದ ಶುರುವಾಗಿ ದೇವದೂತರು, ಮನುಷ್ಯರು, ನೆಂಟಸ್ತನ, ಮೈಯ ಅಂಗಗಳು, ಗಿಡಮರ, ಹಕ್ಕಿಗಳನ್ನು ದಾಟಿ ಹುಳುಹುಪ್ಪಟೆಗಳವರೆಗೆ ಇಳಿಯುತ್ತದೆ. ಹೆಚ್ಚುಕಡಿಮೆ ಎಲ್ಲವೂ ನಾಮಪದಗಳೇ. ಆ ನುಡಿಯಲ್ಲಿ ಜೀರುಂಡೆಗೆ ಹೆಸರಿದೆ, ಆದರೆ ಅದು ಕೂಗಲಾರದು. ದೇವರಿಗೆ ಹೆಸರಿದೆ, ಆತ ಏನನ್ನೂ ಮಾಡಲಾರ. ಭಾಷೆ ಕಟ್ಟುವ ಕೆಲಸದ ಚರಿತ್ರೆಯನ್ನು ಇಲ್ಲಿಂದ ಹಿಡಿದು ಈಚಿನ ಟಿವಿ ಧಾರಾವಾಹಿಗಳವರೆಗೆ ನೋಡಿದರೆ, ಅದು ಒಳ್ಳೆಯ ವ್ಯಾಕರಣದಿಂದ ಇನ್ನೂ ಒಳ್ಳೆಯ ವ್ಯಾಕರಣಕ್ಕೆ ಏರಿದ ಕಥೆಯಾಗಿ ಕಾಣುವುದಿಲ್ಲ. ನಡೆದದ್ದು ಹೆಚ್ಚುಕಡಿಮೆ ತಿರುವುಮುರುವು. ಪರಿಪೂರ್ಣ ಭಾಷೆಯ ಆಸೆಯನ್ನು ಕೈಬಿಟ್ಟು, ತಪ್ಪು ಮಾಡುವ, ಜಗಳವಾಡುವ, ಮರೆಯುವ ಜನರನ್ನು ಆ ಭಾಷೆಯ ಹಿಂದೆ ನಿಲ್ಲಿಸಲು ಕಲಿತ ಮೇಲೆಯೇ ಈ ಕಸುಬಿಗೆ ಉಸಿರು ಬಂತು. ಕಟ್ಟಿದ ನುಡಿಗೆ ಬೇಕಾದದ್ದು ತರ್ಕಕ್ಕಿಂತ ಹೆಚ್ಚಾಗಿ ಒಂದು ಹಿಂದಿನ ಕಾಲ.

ಪರಿಪೂರ್ಣತೆಯ ಆಸೆ ತುತ್ತತುದಿ ಮುಟ್ಟಿದ್ದು 1668ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಜಾನ್ ವಿಲ್ಕಿನ್ಸ್ ಆ ವರ್ಷ ತಮ್ಮ ತಾತ್ವಿಕ ಭಾಷೆಯ ದೊಡ್ಡ ಗ್ರಂಥವನ್ನು ಹೊರತಂದರು. ಲೋಕದಲ್ಲಿರುವ ಎಲ್ಲವನ್ನೂ 40 ವರ್ಗಗಳಾಗಿ ಒಡೆದು, ಪ್ರತಿ ವರ್ಗಕ್ಕೂ ಅಕ್ಷರಗಳನ್ನು ಕೊಟ್ಟು, ಪದವನ್ನು ನೋಡಿದೊಡನೆ ವಸ್ತು ಯಾವ ಕೊಂಬೆಯ ಯಾವ ಎಲೆ ಎಂದು ತಿಳಿಯುವಂತೆ ಮಾಡುವುದು ಅವರ ಯೋಜನೆ. ಕೇಳಲು ಸೊಗಸು. ತೊಡಕು ಏನೆಂದರೆ, ಹತ್ತಿರದ ವಸ್ತುಗಳಿಗೆಲ್ಲ ಹತ್ತಿರದ ಹೆಸರುಗಳೇ ಬರುತ್ತವೆ. ಒಂದಕ್ಷರ ತಪ್ಪಿದರೆ ಬಾರ್ಲಿ ಇದ್ದಲ್ಲಿ ಟ್ಯೂಲಿಪ್ ಹೂ ಬಂದು ಕೂರುತ್ತದೆ. ವಿಲ್ಕಿನ್ಸರ ಪುಸ್ತಕದಲ್ಲೇ ಈ ತಪ್ಪು ನುಸುಳಿರುವುದನ್ನು ಮುಂದಿನವರು ಹೆಕ್ಕಿ ತೋರಿಸಿದ್ದಾರೆ. ನಮ್ಮ ದಿನಸಿ ಅಂಗಡಿಯನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ತೊಗರಿ, ಹೆಸರು, ಉದ್ದು, ಕಡಲೆ ಎಲ್ಲವೂ ಬೇಳೆಗಳೇ, ಆದರೆ ಒಂದರ ಹೆಸರು ಇನ್ನೊಂದನ್ನು ಹೋಲುವುದಿಲ್ಲ. ಹಾಗಾಗಿಯೇ ಗದ್ದಲದ ನಡುವೆಯೂ ಅಂಗಡಿಯವ ಸರಿಯಾದ ಡಬ್ಬಿಗೆ ಕೈಹಾಕುತ್ತಾನೆ. ಒಟ್ಟಿಗೆ ಇರುವುದನ್ನು ಬೇರೆ ಬೇರೆಯಾಗಿ ಕೂಗುವುದು ಭಾಷೆಯ ದಡ್ಡತನವಲ್ಲ, ಅದರ ಅನುಭವ. ವಿಲ್ಕಿನ್ಸರ ಭಾಷೆಗೆ ಜ್ಞಾನವಿತ್ತು, ಸಂತೆಗೆ ಹೋಗಿಬಂದ ಅನುಭವವಿರಲಿಲ್ಲ.

ಕಲ್ಪಿತ ಜನಾಂಗವನ್ನೂ ಭಾಷೆಯನ್ನೂ ಒಟ್ಟಿಗೆ ಹೊಲಿದವರಲ್ಲಿ ಮೊದಲ ದೊಡ್ಡ ಹೆಸರು ಒಬ್ಬ ಮೋಸಗಾರನದು ಎಂಬುದನ್ನು ಈ ಕಸುಬಿನ ಅಭಿಮಾನಿಗಳು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಜಾರ್ಜ್ ಸಾಲ್ಮನಾಜಾರ್ ಎಂದು ಹೆಸರಿಟ್ಟುಕೊಂಡ ಯುರೋಪಿಯನ್ನನೊಬ್ಬ ತಾನು ಫಾರ್ಮೋಸಾ ದ್ವೀಪದವನು (ಇಂದಿನ ತೈವಾನ್) ಎಂದು ಹೇಳಿಕೊಂಡು 1704ರಲ್ಲಿ ಲಂಡನ್ನಿನಲ್ಲಿ ಆ ದ್ವೀಪದ ವಿವರಣೆ ಪ್ರಕಟಿಸಿದ. ಲಿಪಿ, ಪ್ರಾರ್ಥನೆ, ಪಂಚಾಂಗ, ಉಡುಗೆ, ಬಲಿಯ ಪದ್ಧತಿ ಎಲ್ಲವೂ ಅದರಲ್ಲಿದ್ದವು, ಎಲ್ಲವೂ ಕಟ್ಟುಕಥೆ. ಭಾಷೆಯ ಬಗ್ಗೆ ಅನುಮಾನ ಬಂದವರಿಗೆ ಆಚಾರಗಳು ಉತ್ತರ ಕೊಡುತ್ತಿದ್ದವು, ಆಚಾರಗಳ ಬಗ್ಗೆ ಅನುಮಾನ ಬಂದವರಿಗೆ ಭಾಷೆ. ವಿಲ್ಕಿನ್ಸರ ಪ್ರಾಮಾಣಿಕ ಭಾಷೆಯನ್ನು ಯಾರೂ ಆಡಲಿಲ್ಲ, ಈತನ ಸುಳ್ಳು ಭಾಷೆಯನ್ನು ವಿದ್ವಾಂಸರೂ ನಂಬಿದರು. ಜನರಿಲ್ಲದ ನುಡಿಗಿಂತ ಜನರಿರುವ ನುಡಿ ನಿಜವೆನಿಸುತ್ತದೆ ಎಂಬ ಪಾಠ ಆಗಲೇ ಸಿಕ್ಕಿತ್ತು. ಅದನ್ನು ಕಲಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ನಡುವೆ ಬಂದದ್ದು ವಿಶ್ವಭಾಷೆಗಳ ಕಾಲ. ಜರ್ಮನ್ ಪಾದ್ರಿ ಶ್ಲೈಯರ್ 1879ರಿಂದಾಚೆಗೆ ಕಟ್ಟಿದ ವೊಲಾಪ್ಯುಕ್ ಹತ್ತು ವರ್ಷ ಭರ್ಜರಿಯಾಗಿ ಹಬ್ಬಿ, ತಿದ್ದುಪಡಿಯ ಹಕ್ಕು ಯಾರದು ಎಂಬ ಜಗಳದಲ್ಲಿ ಅಷ್ಟೇ ಬೇಗ ಸೊರಗಿತು. ರಷ್ಯನ್, ಪೋಲಿಷ್, ಜರ್ಮನ್, ಯಿದ್ದಿಷ್ ಆಡುವವರು ಪರಸ್ಪರ ಮುಖ ಸಿಂಡರಿಸುತ್ತಿದ್ದ ಬಿಯಾಲಿಸ್ಟಾಕ್ ಊರಿನಲ್ಲಿ ಬೆಳೆದ ಕಣ್ಣಿನ ವೈದ್ಯ ಜಾಮೆನ್‌ಹಾಫ್ 1887ರಲ್ಲಿ ಪ್ರಕಟಿಸಿದ ಎಸ್ಪೆರಾಂಟೊ ಮಾತ್ರ ಉಳಿಯಿತು. ನನ್ನ ವಾದಕ್ಕೆ ಇದೇ ಮೊದಲ ಆಕ್ಷೇಪ. ಹದಿನಾರು ನಿಯಮಗಳ, ಅಪವಾದಗಳೇ ಇಲ್ಲದ, ಯಾವ ಕಲ್ಪಿತ ಜನಾಂಗವೂ ಬೆನ್ನಿಗಿಲ್ಲದ ಈ ಭಾಷೆ ಬದುಕಿರುವಾಗ ಹಿಂದಿನ ಕಾಲದ ಮಾತೇಕೆ? ಇದೇ ಭಾಷೆಯ ಬಗ್ಗೆ ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ 1956ರ ಪತ್ರದ ಕರಡೊಂದರಲ್ಲಿ, ಅದನ್ನು ಕಟ್ಟಿದವರು ಅದಕ್ಕೆ ಐತಿಹ್ಯಗಳನ್ನು ಕಟ್ಟಲಿಲ್ಲವಾದ್ದರಿಂದ ಅದು ಸತ್ತಿದೆ ಎಂಬ ಅರ್ಥದಲ್ಲಿ ಬರೆದರು. ಟೋಲ್ಕಿನ್ ಎಡವಿದರು ಅಂತಲೇ ಹೇಳಬೇಕು, ಭಾಷೆ ಸತ್ತಿರಲಿಲ್ಲ. ಆದರೆ ಅದು ಉಳಿದ ಬಗೆಯನ್ನು ನೋಡಿದರೆ ಅವರ ಒಳನೋಟ ಸುಳ್ಳಾಗುವುದಿಲ್ಲ. ಜಾಮೆನ್‌ಹಾಫ್ ಭಾಷೆಯ ಮೇಲಿನ ಒಡೆತನವನ್ನು ಬಿಟ್ಟುಕೊಟ್ಟರು, ತಾವೇ ಕೂತು 'ಹ್ಯಾಮ್ಲೆಟ್' ಅನುವಾದಿಸಿದರು. 1907ರಲ್ಲಿ ಇನ್ನೂ ತರ್ಕಬದ್ಧವೆಂದು ಹೇಳಿಕೊಂಡ 'ಇಡೊ' ಬಂದಾಗ ಕೆಲವು ಮುಂದಾಳುಗಳು ಅತ್ತ ಹೋದರು, ಸಾಮಾನ್ಯ ಭಾಷಿಗರಲ್ಲಿ ಹೆಚ್ಚಿನವರು ಕದಲಲಿಲ್ಲ. ಮುಂದೆ ಹಿಟ್ಲರ್, ಸ್ಟಾಲಿನ್ ಇಬ್ಬರೂ ಈ ಭಾಷಿಗರನ್ನು ಬೇಟೆಯಾಡಿದರು. ಜಾಮೆನ್‌ಹಾಫರ ಮೂವರು ಮಕ್ಕಳೂ ನಾಜಿಗಳ ಕೈಯಲ್ಲಿ ಸತ್ತರು. ಐತಿಹ್ಯವನ್ನು ಕಟ್ಟುವ ಅಗತ್ಯ ಬೀಳಲಿಲ್ಲ, ಇತಿಹಾಸವೇ ಅದನ್ನು ಒದಗಿಸಿತು.

ಟೋಲ್ಕಿನ್ನರ ವಿಷಯದಲ್ಲಿ ಕೊಂಚ ನಿಲ್ಲಬೇಕು, ಏಕೆಂದರೆ ಈ ಕಸುಬಿನ ನಡುಗಂಬ ಅವರು. ಪ್ರತಿ ಅಕ್ಷರಕ್ಕೂ ಇನ್ನೊಂದನ್ನು ಅಂಟಿಸಿ ಮಾತಾಡುವ ನಮ್ಮ ಮಕ್ಕಳ ಗುಟ್ಟಿನ ನುಡಿಯಂಥದ್ದರಿಂದಲೇ ಅವರೂ ಶುರುಮಾಡಿದ್ದು. ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದಾಗ ಫಿನ್ನಿಷ್ ವ್ಯಾಕರಣವೊಂದು ಕೈಗೆ ಸಿಕ್ಕಿತು. ಅದರ ನಾದಕ್ಕೆ ಮರುಳಾಗಿ 1915ರ ಹೊತ್ತಿಗೆ ಕ್ವೆನ್ಯ ಎಂಬ ಭಾಷೆಯ ಪದಕೋಶ ಕೂಡಿಸತೊಡಗಿದರು. 1931ರ ಉಪನ್ಯಾಸವೊಂದರಲ್ಲಿ ಈ ಹವ್ಯಾಸವನ್ನು ತಮ್ಮ ಗುಟ್ಟಿನ ಚಟವೆಂದು ಒಪ್ಪಿಕೊಂಡು, ಭಾಷೆ ಕಟ್ಟುವುದೂ ಪುರಾಣ ಕಟ್ಟುವುದೂ ಬೇರೆ ಬೇರೆ ಕೆಲಸವಲ್ಲ ಎಂದು ವಾದಿಸಿದರು. ಕಥೆಗಳಿಗಾಗಿ ಭಾಷೆಗಳಲ್ಲ, ಭಾಷೆಗಳಿಗೆ ನೆಲೆಯಾಗಲೆಂದು ಕಥೆಗಳು ಎಂಬುದು ಅವರು ಕಡೆಯವರೆಗೂ ಹೇಳುತ್ತಿದ್ದ ಮಾತು. ಅವರು ಮಾಡಿದ ಹೊಸತೇನೆಂದರೆ, ಒಂದು ಭಾಷೆಯನ್ನು ಕಟ್ಟದೆ ಒಂದು ಭಾಷಾ ಕುಟುಂಬವನ್ನೇ ಕಟ್ಟಿದ್ದು. ಒಂದು ಮೂಲ ಭಾಷೆ, ಅದರಿಂದ ಗೊತ್ತಾದ ಧ್ವನಿ ನಿಯಮಗಳ ಪ್ರಕಾರ ಕವಲೊಡೆದ ಕ್ವೆನ್ಯ ಮತ್ತು ಸಿಂಡರಿನ್. ಹಂಸಕ್ಕೆ ಕ್ವೆನ್ಯದಲ್ಲಿ 'ಅಲ್ಕ್ವ', ಸಿಂಡರಿನ್‌ನಲ್ಲಿ 'ಅಲ್ಫ್'. ಚಂದ್ರ ಒಂದರಲ್ಲಿ 'ಇಸಿಲ್', ಇನ್ನೊಂದರಲ್ಲಿ 'ಇಥಿಲ್'. ಹಳಗನ್ನಡದ ಪಾಲು, ಪುಲಿ, ಪೂ ಎಂಬವು ಹಾಲು, ಹುಲಿ, ಹೂ ಆದದ್ದನ್ನೂ ತಮಿಳಿನಲ್ಲಿ ಪಕಾರ ಹಾಗೆಯೇ ನಿಂತದ್ದನ್ನೂ ಬಲ್ಲ ಕನ್ನಡಿಗರಿಗೆ ಈ ಆಟದ ರುಚಿಯನ್ನು ವಿವರಿಸಬೇಕಿಲ್ಲ.

ಧ್ವನಿ ಬದಲಾವಣೆಯ ಪಟ್ಟಿಗಷ್ಟೇ ನಿಂತಿದ್ದರೆ ಅವರೂ ಒಬ್ಬ ಜಾಣ ವಿಲ್ಕಿನ್ಸ್ ಆಗುತ್ತಿದ್ದರು. ಪ್ರತಿ ಬದಲಾವಣೆಗೂ ಅವರು ಒಂದು ಕಾರಣ ಹುಡುಕುತ್ತಾರೆ, ಆ ಕಾರಣ ಮನುಷ್ಯರದ್ದಾಗಿರುತ್ತದೆ (ಅವರ ಕಥೆಗಳ ಎಲ್ಫ್‌ಗಳನ್ನು ಮನುಷ್ಯರೆಂದು ಕರೆಯಬಹುದಾದರೆ). ಸಮುದ್ರದಾಚೆಯಿಂದ ಮರಳಿ ಬಂದ ಕ್ವೆನ್ಯ ಭಾಷಿಗರು ಹೊರಡುವ ಮುನ್ನ ಅಲ್ಕ್ವಲೊಂದೆ ಎಂಬ ಬಂದರಿನಲ್ಲಿ ತಮ್ಮವರನ್ನೇ ಕೊಂದಿದ್ದರು. ಹಾಗೆಂದರೆ ಹಂಸಗಳ ಬಂದರು, ಅದೇ 'ಅಲ್ಕ್ವ'. ಸತ್ತವರು ಸಿಂಡರಿನ್ ನಾಡಿನ ರಾಜ ಥಿಂಗೋಲನ ಬಂಧುಗಳು. ಸುದ್ದಿ ಕಿವಿಗೆ ಬಿದ್ದೊಡನೆ ಆತ ಕೊಲೆಗಡುಕರ ಭಾಷೆ ತನ್ನ ರಾಜ್ಯದಲ್ಲಿ ಕೇಳಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಕ್ವೆನ್ಯ ಮನೆಮಾತಿನ ಪಟ್ಟ ಕಳೆದುಕೊಂಡು ವಿದ್ವತ್ತಿನ, ವಿಧಿಗಳ ಭಾಷೆಯಾಗಿ ಉಳಿಯುವುದು ಹೀಗೆ. ಇನ್ನೊಂದು ಉದಾಹರಣೆ ಇದಕ್ಕಿಂತ ಸಣ್ಣದು, ಇದಕ್ಕಿಂತ ಚೆಂದದ್ದು. ಕ್ವೆನ್ಯದಲ್ಲಿ ಒಂದು ಕಾಲಕ್ಕೆ ನಾಲಿಗೆ ಹಲ್ಲಿಗೆ ತಾಗಿಸಿ ಉಸುರುವ 'ಥ' ಎಲ್ಲ ಕಡೆ 'ಸ' ಆಗತೊಡಗುತ್ತದೆ. ರಾಜಕುಮಾರ ಫೆಯನೋರ್ ಮಾತ್ರ ಒಪ್ಪುವುದಿಲ್ಲ, ಯಾಕೆಂದರೆ ತೀರಿಹೋದ ಅವನ ತಾಯಿಯ ಹೆಸರು ಥೆರಿಂದೆ. ಹೊಸ ಉಚ್ಚಾರದಲ್ಲಿ ಅದು ಸೆರಿಂದೆಯಾಗುತ್ತದೆ. ಮಲತಾಯಿಯ ಮಕ್ಕಳ ಕಡೆಯವರು 'ಸ' ಎನ್ನುತ್ತಾರೆ, ಇವನ ಕಡೆಯವರು 'ಥ' ಎನ್ನುತ್ತಾರೆ, ಒಂದು ವ್ಯಂಜನ ಪಕ್ಷದ ಗುರುತಾಗಿಬಿಡುತ್ತದೆ. ಹಕಾರ ಬಿಟ್ಟು ಮಾತಾಡಿದವರನ್ನು ನೋಡಿ ಯಾರು ನಗುತ್ತಾರೆ, ಯಾಕೆ ನಗುತ್ತಾರೆ ಎಂಬುದನ್ನು ಬಲ್ಲ ನಾಡಿನಲ್ಲಿ ಇದನ್ನು ಕಾಲ್ಪನಿಕ ಅನ್ನಲು ನಾಲಿಗೆ ಏಳುವುದಿಲ್ಲ.

ಇಲ್ಲಿ ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಭಾಷೆಯನ್ನು ಕಲ್ಪಿತ ಜನಾಂಗಕ್ಕೆ ಕಟ್ಟಿಹಾಕುವುದೆಂದರೆ ಕೊನೆಗೆ ಪಡಿಯಚ್ಚುಗಳನ್ನು ಮಾಡುವುದೇ ಅಲ್ಲವೆ? ಒಳ್ಳೆಯವರಿಗೆ ಇಂಪಾದ ಸ್ವರಗಳು, ಕೆಟ್ಟವರಿಗೆ ಗಂಟಲಿನ ಸದ್ದುಗಳು. ಟೋಲ್ಕಿನ್ನರ ದುಷ್ಟ ಓರ್ಕ್‌ಗಳ ಮಾತಿನ ಮೇಲೂ ಈ ಆರೋಪ ನಿಲ್ಲುತ್ತದೆ. ನಮಗೆ ಹತ್ತಿರದ ಉದಾಹರಣೆ 2015ರ 'ಬಾಹುಬಲಿ'ಯ ಕಿಲಿಕಿ. ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ ಚಿತ್ರದ ಶತ್ರುಪಡೆಯಾದ ಕಾಲಕೇಯರಿಗಾಗಿ ಅದನ್ನು ಕಟ್ಟಿದರು; 750 ಪದ, 40 ವ್ಯಾಕರಣ ನಿಯಮಗಳಿದ್ದವು ಎಂದು ಆಗ ವರದಿಯಾಯಿತು. ಕೆಲಸ ಶ್ರದ್ಧೆಯದು. ಆದರೆ ತೆರೆಯ ಮೇಲೆ ಅದು ಮಾಡಿದ್ದಿಷ್ಟು: ನಾಲಿಗೆಯ ಲೊಟಕುಗಳನ್ನು ಮಸಿ ಬಳಿದ ಮೈಗಳಿಗೆ ಅಂಟಿಸಿ, ಇವರು ಕಾಡುಜನ ಎಂದು ಸಾರಿತು. ಇಂಥ ಸದ್ದುಗಳು ದಕ್ಷಿಣ ಆಫ್ರಿಕದ ಷೋಸಾ, ಜುಲು ಭಾಷೆಗಳಲ್ಲಿ ಲಕ್ಷಾಂತರ ಜನರ ದಿನನಿತ್ಯದ ವ್ಯಂಜನಗಳು. ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಅದು ಬೀಳಬೇಕಾದದ್ದು ಬೇರೆ ಜಾಗಕ್ಕೆ. ಜನರ ಸ್ವಭಾವದಿಂದ ಭಾಷೆ ಹುಟ್ಟುತ್ತದೆ ಎಂದುಕೊಂಡು ಕಟ್ಟಿದಾಗ ಪಡಿಯಚ್ಚು ಬರುತ್ತದೆ. ಜನರಿಗೆ ಏನೇನು ಆಯಿತು ಎಂಬುದರಿಂದ ಹುಟ್ಟುತ್ತದೆ ಎಂದು ಕಟ್ಟಿದಾಗ ಥೆರಿಂದೆ ಬರುತ್ತಾಳೆ. ಕಾಲಕೇಯರಿಗೆ ಕೊರತೆಯಾದದ್ದು ವ್ಯಾಕರಣವಲ್ಲ, ಒಬ್ಬ ಅಜ್ಜಿ.

ಹಾಗಿದ್ದರೆ ಕ್ಲಿಂಗಾನ್? ಹೊಡೆದಾಟದ ಜನರಿಗೆ ಹೊಡೆದಂಥ ಭಾಷೆ, ಪಡಿಯಚ್ಚಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ಕೇಳಬಹುದು. 1979ರ ಮೊದಲ 'ಸ್ಟಾರ್ ಟ್ರೆಕ್' ಚಿತ್ರಕ್ಕೆ ನಟ ಜೇಮ್ಸ್ ಡೂಹನ್ ಹೊಂದಿಸಿದ ಒಂದಷ್ಟು ಸದ್ದುಗಳನ್ನು ಆಧಾರವಾಗಿಟ್ಟುಕೊಂಡು, 1984ರ ಚಿತ್ರಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ಇದನ್ನು ಕಟ್ಟಿದರು. ಮರುವರ್ಷ ನಿಘಂಟು ಬಂತು. ಕರ್ಮ, ಕ್ರಿಯೆ, ಕೊನೆಗೆ ಕರ್ತೃ, ಎಂದರೆ 'ಅನ್ನವನ್ನು ಉಂಡ ಅವನು' ಎಂಬಂತೆ, ಅಪರೂಪದ ಪದಕ್ರಮ ಆರಿಸಿಕೊಂಡರು. ಮೂರ್ಧನ್ಯ 'ಡ' ಇಟ್ಟು ಅದರ ಜೊತೆಗಾರ 'ಟ' ಕೈಬಿಟ್ಟರು, 'ತ'ದಂಥದ್ದನ್ನು ಇಟ್ಟು 'ದ' ಕೈಬಿಟ್ಟರು. ಸಾಲಾಗಿ ಜೋಡಿಸಿದ ನಮ್ಮ ವರ್ಣಮಾಲೆಗೆ ಹೊಂದಿಕೊಂಡ ಕಣ್ಣಿಗೆ ಇದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ, ಬೇಕೆಂದೇ ಹಾಗೆ ಮಾಡಿದ್ದು. ಕ್ಲಿಂಗಾನ್‌ಗೆ ಟೋಲ್ಕಿನ್ ಬಗೆಯ ಪುರಾತನ ಚರಿತ್ರೆಯಿಲ್ಲ, ನಿಜ. ಅದರ ಚರಿತ್ರೆ ಚಿತ್ರೀಕರಣದ ಅಂಗಳದಲ್ಲೇ ನಡೆಯಿತು. 'ಇರುವುದು' ಎಂಬ ಕ್ರಿಯಾಪದವೇ ಬೇಡವೆಂದು ಒಕ್ರಾಂಡ್ ಮೊದಲೇ ತೀರ್ಮಾನಿಸಿದ್ದರು. 1991ರ ಚಿತ್ರದಲ್ಲಿ ಕ್ಲಿಂಗಾನ್ ಸೇನಾಪತಿಯ ಬಾಯಲ್ಲಿ ಹ್ಯಾಮ್ಲೆಟ್‌ನ 'ಇರುವುದೋ ಇಲ್ಲದಿರುವುದೋ' ಎಂಬ ಪ್ರಸಿದ್ಧ ಸಾಲನ್ನೇ ಆಡಿಸಬೇಕಾಗಿ ಬಂತು. 'ಬದುಕುವುದು' ಎಂಬ ಪದ ಹಾಕಿ ಕೊಟ್ಟರೆ ನಟ ಕ್ರಿಸ್ಟೊಫರ್ ಪ್ಲಮ್ಮರ್‌ಗೆ ಅದರ ಸದ್ದು ಒಗ್ಗಲಿಲ್ಲ. ಕೊನೆಗೆ 'ಮುಂದುವರಿಯುವುದು' ಎಂಬರ್ಥದ ಪದ ಬಂತು. ಒಬ್ಬ ನಟನ ಕಿವಿ ಒಂದು ಭಾಷೆಯ ನುಡಿಗಟ್ಟನ್ನು ನಿರ್ಧರಿಸಿತು. ನಿಜವಾದ ಭಾಷೆಗಳಲ್ಲೂ ಎಷ್ಟೋ ಸಲ ಇಷ್ಟೇ ಆಗುವುದು. ಮುಂದೆ ಭಾಷೆಯನ್ನು ಎತ್ತಿಕೊಂಡವರು 'ಹ್ಯಾಮ್ಲೆಟ್' ಅನ್ನು ಇಡಿಯಾಗಿ ಅನುವಾದಿಸಿದರು, 2010ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಅದರಲ್ಲೊಂದು ಆಪೆರಾ ಕೂಡ ನಡೆಯಿತು.

ಕ್ಲಿಂಗಾನ್ ಜೊತೆಗೇ ಹುಟ್ಟಿದ ಇನ್ನೊಂದು ಭಾಷೆಯ ಕಥೆ ಇಷ್ಟು ಹಿಗ್ಗಿನದಲ್ಲ. ಅಮೆರಿಕದ ಭಾಷಾವಿಜ್ಞಾನಿ, ಕಾದಂಬರಿಕಾರ್ತಿ ಸುಜೆಟ್ ಹೇಡನ್ ಎಲ್ಗಿನ್ 1982ರಲ್ಲಿ ಲಾಅದನ್ ಎಂಬ ನುಡಿಯನ್ನು ಕಟ್ಟಿದರು. ಹೆಂಗಸರ ಅನುಭವಕ್ಕೆ ಇರುವ ಭಾಷೆಗಳಲ್ಲಿ ಪದಗಳಿಲ್ಲ, ಇದ್ದರೆ ಬದುಕು ಬದಲಾದೀತು ಎಂಬುದು ಪ್ರಯೋಗದ ಹಿಂದಿನ ಊಹೆ. ಪ್ರತಿ ವಾಕ್ಯದ ಕೊನೆಗೆ, ಇದು ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ಕನಸಿನಲ್ಲಿ ಕಂಡದ್ದೋ ಎಂದು ತಿಳಿಸುವ ಕಿರುಪದ ಕಡ್ಡಾಯ. 'ರದೀದಿನ್' ಎಂಬ ಪದವೊಂದಿದೆ: ಹೆಸರಿಗೆ ಹಬ್ಬ, ಆದರೆ ಅಡುಗೆ, ನೆಂಟರು, ಕೆಲಸಗಳ ಹೊರೆಯಿಂದ ಹೆಂಗಸಿಗೆ ಹಬ್ಬವೇ ಅಲ್ಲದ ದಿನ. ಯಾವ ಕನ್ನಡದ ಮನೆಯ ಅಡುಗೆಮನೆಗೂ ತಕ್ಷಣ ಬೇಕಾದ ಪದವಿದು. ಆದರೂ ಎಲ್ಗಿನ್ ತಾವೇ ಹಾಕಿಕೊಂಡ ಹತ್ತು ವರ್ಷದ ಗಡುವು ಮುಗಿದಾಗ ಹೆಂಗಸರು ಅದನ್ನು ಎತ್ತಿಕೊಳ್ಳಲಿಲ್ಲವೆಂದು ಒಪ್ಪಿದರು. ಗಂಡಸುತನ ಮೆರೆಯುವ ಕ್ಲಿಂಗಾನ್ ಮಾತ್ರ ಬೆಳೆಯುತ್ತಿದೆಯೆಂದು ಕಹಿಯಾಗಿ ಗಮನಿಸಿದರು. ಚಿತ್ರೋದ್ಯಮದ ಹಣಬಲವೇ ಇದಕ್ಕೆ ಕಾರಣವೆಂದರೆ ಅದರಲ್ಲಿ ಬಹುಪಾಲು ಸತ್ಯವಿದೆ. ಆದರೂ ಹಣವೊಂದೇ ಅಲ್ಲ. ಲಾಅದನ್ ಅನುಭವಕ್ಕೆ ಹೆಸರು ಕೊಟ್ಟಿತು, ಒಟ್ಟಿಗೆ ಕೂತು ತಪ್ಪು ತಪ್ಪಾಗಿ ಆಡಿ ನಗುವ ಜಗಲಿ ಕೊಡಲಿಲ್ಲ.

ಈಚಿನ ಹಂತವನ್ನು ಬೇಗ ಹೇಳಿ ಮುಗಿಸಬಹುದು, ಅದು ಕಸುಬು ವೃತ್ತಿಯಾದ ಕಥೆ. ಪಾಲ್ ಫ್ರಾಮರ್ 2009ರ 'ಅವತಾರ್' ಚಿತ್ರಕ್ಕೆ ನಾವಿ ಭಾಷೆ ಕಟ್ಟಿದರು. ಕೈಗೆ ನಾಲ್ಕೇ ಬೆರಳಿರುವ ಆ ಜನ ಎಂಟರ ಲೆಕ್ಕದಲ್ಲಿ ಎಣಿಸುತ್ತಾರೆ. ಡೇವಿಡ್ ಪೀಟರ್ಸನ್ 'ಗೇಮ್ ಆಫ್ ಥ್ರೋನ್ಸ್'ಗೆ ಡೋಥ್ರಾಕಿ ಕಟ್ಟಿದರು. ಜನಾಂಗದ ಹೆಸರೇ ಸವಾರಿ ಮಾಡುವುದು ಎಂಬ ಕ್ರಿಯಾಪದದಿಂದ ಬಂದದ್ದು. ನನಗೆ ಅವರ ಹೈ ವಲೇರಿಯನ್ ಹೆಚ್ಚು ಮೆಚ್ಚುಗೆ. ಅದು ಅಳಿದ ಸಾಮ್ರಾಜ್ಯದ ಭಾಷೆ. ಗುಲಾಮರ ವ್ಯಾಪಾರದ ಊರುಗಳಲ್ಲಿ ಅದು ಸವೆದು ಬೇರೆ ರೂಪ ತಾಳಿರುವುದನ್ನೂ ಪೀಟರ್ಸನ್ ಕಟ್ಟಿ ತೋರಿಸುತ್ತಾರೆ. ಯಾರು ಯಾವ ರೂಪದಲ್ಲಿ ಮಾತಾಡುತ್ತಾರೆ ಎಂಬುದರಿಂದಲೇ ಅವರ ಮನೆತನ ಗೊತ್ತಾಗುತ್ತದೆ.

ನಿಜವಾದ ಭಾಷೆಗಳು ಸಾಯುತ್ತಿರುವಾಗ, ನಮ್ಮ ಕೊಡವ, ಕೊರಗ ನುಡಿಗಳೇ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿರುವಾಗ, ಇಲ್ಲದ ಭಾಷೆಗೆ ಬೆವರು ಸುರಿಸುವುದು ಶೋಕಿಯಲ್ಲವೆ ಎಂಬುದು ಕೊನೆಯ ಆಕ್ಷೇಪ. ಒಂದಕ್ಕೆ ಕೊಟ್ಟ ಶ್ರಮ ಇನ್ನೊಂದರಿಂದ ಕಿತ್ತದ್ದು ಎಂಬ ಊಹೆ ಅದರಲ್ಲಿದೆ. ಒಕ್ರಾಂಡ್ ಡಾಕ್ಟರೇಟ್ ಪಡೆದದ್ದು ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಮುಟ್ಸುನ್ ಭಾಷೆಯ ವ್ಯಾಕರಣಕ್ಕೆ. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯಾಕೆ 1930ರಲ್ಲೇ ತೀರಿಕೊಂಡಿದ್ದರಿಂದ ಹಳೆಯ ಟಿಪ್ಪಣಿಗಳನ್ನಿಟ್ಟುಕೊಂಡು ಆ ಕೆಲಸ ಮಾಡಬೇಕಾಯಿತು. ಕ್ಲಿಂಗಾನ್ ಕಟ್ಟಿದ ಕೈ ಮೊದಲು ಒಂದು ಅಳಿದ ನುಡಿಯ ಮೂಳೆಗಳನ್ನು ಜೋಡಿಸಿದ ಕೈ.

ನಿಜ, ಕಾಲ್ಪನಿಕ ಎಂಬ ಗೆರೆಯೇ ಅಳಿಸಿಹೋಗುವ ಒಂದು ಜಾಗವೂ ಇದೆ. ಫಿಲಿಪ್ಪೀನ್ಸಿನ ಬೊಹೋಲ್ ದ್ವೀಪದ ಒಳನಾಡಿನಲ್ಲಿ ಎಸ್ಕಾಯ ಎಂಬ ಕೆಲವು ನೂರು ಜನರ ಸಮುದಾಯವಿದೆ. ಮನೆಯಲ್ಲಿ ಅವರದು ಸುತ್ತಲಿನವರ ವಿಸಾಯ ಭಾಷೆಯೇ. ಪ್ರಾರ್ಥನೆಗೆ, ಹಾಡಿಗೆ, ಬರವಣಿಗೆಗೆ ಎಸ್ಕಾಯನ್. ಅದರ ಹೆಚ್ಚಿನ ಪದಗಳು ಬೇರಾವ ಭಾಷೆಯನ್ನೂ ಹೋಲುವುದಿಲ್ಲ, ವ್ಯಾಕರಣ ಮಾತ್ರ ವಿಸಾಯದ್ದು. ಲಿಪಿಯಲ್ಲಿ ಸಾವಿರಕ್ಕೂ ಹೆಚ್ಚು ಚಿಹ್ನೆಗಳು. ಪಿನಾಯ್ ಎಂಬ ಮೂಲಪುರುಷ ಮನುಷ್ಯನ ದೇಹವನ್ನು ನೋಡಿ ಇದನ್ನು ರಚಿಸಿದನೆಂದು ಅವರ ಐತಿಹ್ಯ. 20ನೇ ಶತಮಾನದ ಮೊದಲರ್ಧದಲ್ಲಿ, ಅಮೆರಿಕನ್ ಆಳ್ವಿಕೆಯ ವಿರುದ್ಧದ ಹೋರಾಟದ ಬಳಿಕ, ಮಾರಿಯಾನೊ ದತಾಹನ್ ಎಂಬ ಮುಂದಾಳುವಿನ ಸುತ್ತ ಇದು ರೂಪುಗೊಂಡಿತೆಂದು ಸಂಶೋಧಕ ಪಿಯರ್ಸ್ ಕೆಲ್ಲಿ ತೋರಿಸಿದ್ದಾರೆ. ಆಕ್ಸ್‌ಫರ್ಡಿನಲ್ಲಿ ಟೋಲ್ಕಿನ್ ತಮ್ಮ ನುಡಿಗಳಿಗೆ ಪುರಾಣ ಕಟ್ಟುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ದತಾಹನ್ 1949ರಲ್ಲಿ ತೀರಿಕೊಂಡರು. ಹಳ್ಳಿಯವರು ತಾವೇ ನಡೆಸುವ ಶಾಲೆಗಳಲ್ಲಿ ಮಕ್ಕಳು ಈಗಲೂ ಆ ಅಕ್ಷರಗಳನ್ನು ತಿದ್ದುತ್ತಾರೆ.